‘ಮೋರ್ ಫಾಸ್ಟರ್’ ಯಾಕೆ ತಪ್ಪು?

ಪ್ರಶ್ನೆ: ಇಂಗ್ಲಿಷಿನಲ್ಲಿ ‘ಮೋರ್ ಸ್ಲೋಲಿ’ ಸರಿ, ‘ಮೋರ್ ಫಾಸ್ಟರ್’ ತಪ್ಪು ಅಂತಾರೆ. ಯಾಕೆ ಹೀಗೆ?
– ಓದುಗರು, ಭೇರ್ಯ, ಮೈಸೂರು ಜಿಲ್ಲೆ

ಉತ್ತರ: ಕನ್ನಡದಲ್ಲಿ ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಹೊರುತ್ತದೆ. ‘ಕೆ.ಆರ್. ನಗರಕ್ಕೆ ಬಸ್ಸಿಗಿಂತ ಬೈಕಿನಲ್ಲಿ ಬೇಗ ಹೋಗಬಹುದು’ ಎನ್ನುವಾಗ ‘ಬೇಗ’ ಎಂಬ ಕ್ರಿಯಾವಿಶೇಷಣ ಇದ್ದ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ ‘ದ್ಯಾನ್’ ಬಂದರಷ್ಟೇ ಸಾಲದು. ಕ್ರಿಯಾವಿಶೇಷಣದ ಕೊನೆಗೆ ‘ಅರ್’ ಹತ್ತಬೇಕು, ಇಲ್ಲವೇ ಮುಂಚೆ ‘ಮೋರ್’ ಬರಬೇಕು. ‘ಮೋರ್ ಫಾಸ್ಟರ್’ನಲ್ಲಿ ಎರಡೂ ಬಂದುಬಿಟ್ಟಿವೆ. ನಮ್ಮ ‘ಇನ್ನೂ ಬೇಗ’ದ ಒತ್ತು ಬೇಕೆನಿಸಿದರೆ ‘ಈವನ್ ಫಾಸ್ಟರ್’ ಎನ್ನಿ, ಧಾರಾಳವಾಗಿ ನಡೆಯುತ್ತದೆ.

‘ಲಿ’ ಹತ್ತಿ ಆದ ಸ್ಲೋಲಿ, ಕ್ಲಿಯರ್‌ಲಿ, ಕೇರ್‌ಫುಲಿಗಳಿಗೆ ಸಾಮಾನ್ಯವಾಗಿ ‘ಮೋರ್’. ಫಾಸ್ಟ್, ಹಾರ್ಡ್, ಸೂನ್‌ಗಳಿಗೆ ‘ಅರ್’. ಕೊನೆಗೆ ‘ಲಿ’ ಇದ್ದರೂ ‘ಅರ್ಲಿ’ ಮಾತ್ರ ‘ಅರ್ಲಿಯರ್’ ಆಗುತ್ತದೆ. ಫಾಸ್ಟ್, ಹಾರ್ಡ್‌ಗಳಿಗೆ ‘ಲಿ’ ಯಾಕಿಲ್ಲ ಎಂಬುದರ ಹಿಂದೆ ಸೊಗಸಾದ ಇತಿಹಾಸವಿದೆ. ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ‘ಎ’ ಸ್ವರ ಸೇರಿಸಿ ಕ್ರಿಯಾವಿಶೇಷಣ ಮಾಡುತ್ತಿದ್ದರು. ಬರಬರುತ್ತಾ ಆ ಸ್ವರ ಸವೆದು ಹೋಯಿತು. ಗುಣವಾಚಕಕ್ಕೂ ಕ್ರಿಯಾವಿಶೇಷಣಕ್ಕೂ ಒಂದೇ ರೂಪ ಉಳಿಯಿತು. ‘ವೆಲ್’ ಹೋಗಿ ‘ಬೆಟರ್’, ‘ಬ್ಯಾಡ್ಲಿ’ ಹೋಗಿ ‘ವರ್ಸ್’ ಆಗುವುದಕ್ಕೆ ಮಾತ್ರ ಸೂತ್ರವಿಲ್ಲ. ಅವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಳ್ಳಿ.