ಪಂಪಿನಲ್ಲಿ ಜಲ್ಲಿಕಲ್ಲಿನ ಸದ್ದೇ?

ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಕೇಳಿಬರುವುದುಂಟು. ನೀರೂ ಕಡಿಮೆಯಾಗುತ್ತದೆ. ಬಿಚ್ಚಿ ನೋಡಿದರೆ ಕಲ್ಲಿರುವುದಿಲ್ಲ. ಇಂಪೆಲ್ಲರಿನ ರೆಕ್ಕೆಗಳು ಹುಳು ತಿಂದಂತೆ ಗುಳಿಬಿದ್ದಿರುತ್ತವೆ. ಇದಕ್ಕೆ ಕ್ಯಾವಿಟೇಷನ್ ಎಂದು ಹೆಸರು.

ಬಾವಿಯ ನೀರನ್ನು ಪಂಪಿನವರೆಗೆ ತಳ್ಳುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು ಸುಮಾರು 10.3 ಮೀಟರ್ ಎತ್ತರದ ನೀರಿಗೆ ಸಮ. 1000 ಮೀಟರ್ ಎತ್ತರದ ನಾಡಿನಲ್ಲಿ 9.2 ಮೀಟರಿಗೆ ಮಾತ್ರ. ಒಡೆಯರಪಾಳ್ಯದಂಥ ಬೆಟ್ಟದ ಸೀಮೆಯ ರೈತರು ಇದನ್ನು ಮರೆಯಬಾರದು. ಒತ್ತಡ ಸಾಲದಾದಾಗ ತಣ್ಣೀರೇ ಆವಿಯ ಗುಳ್ಳೆಗಳಾಗುತ್ತದೆ. ಅವು ಇಂಪೆಲ್ಲರಿನಲ್ಲಿ ಒಡೆದು ಲೋಹವನ್ನು ಕೊರೆಯುತ್ತವೆ. ಅಷ್ಟೇ ನೀರೆತ್ತುವ 1440 ಸುತ್ತಿನ ಪಂಪಿಗಿಂತ 2880 ಸುತ್ತಿನ ಪಂಪಿಗೆ ಈ ಬಾಧೆ ಹೆಚ್ಚು.

ಕಾರಣ ನೀಗಿಸದೆ ಹೊಸ ಇಂಪೆಲ್ಲರ್ ಹಾಕಿದರೆ ಅದೂ ಸವೆಯುತ್ತದೆ. ಆದ್ದರಿಂದ ಮೊದಲು:

1. ಬಾವಿಯೊಳಗೆ ಕಟ್ಟೆ ಕಟ್ಟಿ, ಬೇಸಿಗೆಯ ನೀರಿನ ಮಟ್ಟದಿಂದ 5 ಮೀಟರಿನೊಳಗೆ ಪಂಪನ್ನು ಇಳಿಸಿರಿ. ಮಳೆಗಾಲದಲ್ಲಿ ನೀರು ಏರುವ ಮುನ್ನ ಮೇಲೆತ್ತಿರಿ.
2. ಸಕ್ಷನ್ ಪೈಪು ಡೆಲಿವರಿ ಪೈಪಿಗಿಂತ ಒಂದು ಅಳತೆ ದೊಡ್ಡದಿರಲಿ. ಬೆಂಡುಗಳು ಕಡಿಮೆ ಇರಲಿ.
3. ಫುಟ್‌ವಾಲ್ವಿನ ಜಾಲರಿಯ ಕಸ ತೆಗೆಯಿರಿ.
4. ಸದ್ಯಕ್ಕೆ ಸದ್ದು ತಗ್ಗಿಸಲು ಡೆಲಿವರಿ ಕಡೆಯ ಗೇಟ್‌ವಾಲ್ವನ್ನು ತುಸು ಮುಚ್ಚಿರಿ. ಸಕ್ಷನ್ ಕಡೆ ಎಂದಿಗೂ ತಡೆಯಬೇಡಿರಿ.

ಹೀಗೆ ಮಾಡಿದರೆ ಇಂಪೆಲ್ಲರಿನ ಖರ್ಚು ಉಳಿದೀತು. ಕರೆಂಟಿದ್ದ ಹೊತ್ತಿನಲ್ಲಿ ಬೆಳೆಗೆ ನೀರೂ ದಕ್ಕೀತು.