ನೀತಿವಿಷಯಕ ವಿದ್ವತ್ಪತ್ರಿಕೆಗಳಿಗೆ ಲೇಖನವನ್ನೊಪ್ಪಿಸುವ ಕ್ರಮ: ಕುರುಗೋಡಿನ ಒಂದು ನಿದರ್ಶನ

ಸರ್ಕಾರವು ಕೈಕೊಳ್ಳುವ ಕಾರ್ಯಗಳ ಕಾರಣ, ವೆಚ್ಚ, ಫಲ ಇವನ್ನು ವಿಚಾರಿಸುವ ಶಾಸ್ತ್ರಕ್ಕೆ ಸಾರ್ವಜನಿಕ ನೀತಿಯ ಅಧ್ಯಯನವೆಂದು ಹೆಸರು. ಇದಕ್ಕೆ ಎಡೆಗೊಡುವ ವಿದ್ವತ್ಪತ್ರಿಕೆಗಳು ನಮ್ಮ ನಾಡಿನಿಂದಲೂ ಹೊರಡುತ್ತಿವೆ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯು 2020ರಲ್ಲಿ ಆರಂಭಿಸಿದ ‘ಇಂಡಿಯನ್ ಪಬ್ಲಿಕ್ ಪಾಲಿಸಿ ರಿವ್ಯೂ’ ಅಂಥದೊಂದು. ಐಸೆಕ್ ಎಂದು ಪ್ರಸಿದ್ಧವಾದ, 1972ರಲ್ಲಿ ಸ್ಥಾಪಿತವಾದ ಸಂಸ್ಥೆಯ ‘ಜರ್ನಲ್ ಆಫ್ ಸೋಶಿಯಲ್ ಅಂಡ್ ಎಕನಾಮಿಕ್ ಡೆವಲಪ್‌ಮೆಂಟ್’ ಮತ್ತೊಂದು. ಊರೂರುಗಳಲ್ಲಿ ಪಾಠ ಹೇಳುವ ಉಪಾಧ್ಯಾಯರು ತಮ್ಮ ಸುತ್ತಣ ಸಂಗತಿಗಳನ್ನು ಚೆನ್ನಾಗಿ ಬಲ್ಲರು. ಆದರೆ ಬಲ್ಲದ್ದನ್ನು ಪರೀಕ್ಷೆಗೆ ನಿಲ್ಲುವ ರೂಪದಲ್ಲಿ ಒಪ್ಪಿಸದಿದ್ದರೆ ಅದು ಕಟ್ಟೆಯ ಮಾತಾಗಿಯೇ ಉಳಿಯುವುದು. ಆ ಊರಿನ ವಿಷಯದಲ್ಲಿ ನಿರ್ಣಯವು ಆ ಊರನ್ನು ಕಾಣದವರ ಬರವಣಿಗೆಯನ್ನು ನಂಬಿ ನಡೆಯುವುದು. ಆದುದರಿಂದ ಈ ಒಪ್ಪಿಸುವ ಕ್ರಮವನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂಥ ಪತ್ರಿಕೆಗಳ ಮುಖ್ಯ ಲಕ್ಷಣವು ಸಮಾನವಿದ್ವಾಂಸರ ಪರೀಕ್ಷೆ. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ ತನ್ನ ಪತ್ರಿಕೆಯನ್ನಾರಂಭಿಸಿದಾಗ ಆಯ್ಕೆಯು ಸಂಪಾದಕನ ವಿವೇಕಕ್ಕೆ ಬಿಟ್ಟದ್ದಾಗಿತ್ತು. 1752ರಲ್ಲಿ ಸೊಸೈಟಿಯು ಅದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು; 19ನೆಯ ಶತಮಾನದಲ್ಲಿ ತಜ್ಞರಿಂದ ಲಿಖಿತಾಭಿಪ್ರಾಯವನ್ನು ಪಡೆಯುವ ವಾಡಿಕೆ ಬೆಳೆಯಿತು. ಇಂದು ಸಾಮಾನ್ಯವಾಗಿ ಇಬ್ಬರು ಪರೀಕ್ಷಕರಿರುತ್ತಾರೆ. ಅನೇಕ ಪತ್ರಿಕೆಗಳಲ್ಲಿ ಲೇಖಕನಾರೆಂಬುದು ಪರೀಕ್ಷಕನಿಗೂ ಪರೀಕ್ಷಕನಾರೆಂಬುದು ಲೇಖಕನಿಗೂ ತಿಳಿಯದು. ಹೆಸರು, ಪದವಿ, ಊರು ಇವು ಮರೆಯಾಗಿ ಬರಹವೊಂದೇ ಉಳಿಯುವ ಈ ಏರ್ಪಾಡು ಸಣ್ಣ ಊರಿನ ವಿದ್ವಾಂಸನಿಗೆ ಅನುಕೂಲವಾದುದೇ ಸರಿ.

ಪರೀಕ್ಷೆಗೆ ನಿಲ್ಲುವ ರೂಪವೆಂದರೇನೆಂಬುದು ಶಾಸನಗಳನ್ನೋದಿದವರಿಗೆ ಹೊಸದಲ್ಲ. ಕುರುಗೋಡು ಒಂದು ಕಾಲಕ್ಕೆ ಸಿಂದರ ರಾಜಧಾನಿ. ಅಲ್ಲಿಯ ಎರಡು ಶಾಸನಗಳನ್ನು ಎಲ್. ಡಿ. ಬಾರ್ನೆಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ 14ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. ಶಾಸನಸಂಪಾದನೆಯಲ್ಲಿ ಕಲ್ಲಿನ ಮೇಲಿರುವ ಪಾಠ ಬೇರೆ, ಸಂಪಾದಕನ ಅರ್ಥವಿವರಣೆ ಬೇರೆ. ಸವೆದುಹೋದ ಅಕ್ಷರವನ್ನು ಊಹಿಸಿ ತುಂಬಿದರೆ ಅದಕ್ಕೆ ಕಂಸದ ಗುರುತು ಹಾಕತಕ್ಕದ್ದು. ಸಂಪಾದಕನ ಅಭಿಪ್ರಾಯವನ್ನೊಪ್ಪದ ಓದುಗನೂ ಪಾಠವನ್ನು ಉಪಯೋಗಿಸಿಕೊಳ್ಳಬಹುದು. ನೀತಿವಿಷಯಕ ಲೇಖನದಲ್ಲಿಯೂ ಇದೇ ಧರ್ಮ. ಕಂಡದ್ದು, ಅದರಿಂದ ಅನುಮಾನಿಸಿದ್ದು, ಮಾಡಬೇಕೆಂದು ಸೂಚಿಸುವುದು ಈ ಮೂರೂ ಬೆರೆಯದಂತೆ ಪ್ರತ್ಯೇಕವಾಗಿರಬೇಕು.

ಮೊದಲನೆಯದಾಗಿ ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಬೇಕು. “ಕುರುಗೋಡು ಸೀಮೆಯ ನೀರಾವರಿ” ಎಂಬುದು ವಿಷಯವೇ ಹೊರತು ಪ್ರಶ್ನೆಯಲ್ಲ. ತುಂಗಭದ್ರೆಯ ಬಲದಂಡೆಯ ಕೆಳಮಟ್ಟದ ಕಾಲುವೆ ಈ ಪ್ರಾಂತಕ್ಕೆ ನೀರನ್ನೀಯುತ್ತದೆ. “ಒಂದು ಉಪಕಾಲುವೆಯ ಮೊದಲಲ್ಲಿರುವ ಹೊಲಗಳಿಗೂ ಕೊನೆಯಲ್ಲಿರುವ ಹೊಲಗಳಿಗೂ ಸಿಗುವ ನೀರಿನಲ್ಲಿ ಎಷ್ಟು ಅಂತರವಿದೆ? ಪಾಳಿಯ ನಿಯಮದಿಂದ ಆ ಅಂತರವು ಕುಗ್ಗಿದೆಯೆ?” ಎಂದು ಕೇಳಿದರೆ ಅದು ಪ್ರಶ್ನೆ, ಅಳತೆಯಿಂದ ಉತ್ತರಿಸಲು ಸಾಧ್ಯವಾದುದು, ಉತ್ತರವು ತಪ್ಪಾದರೆ ತೋರಿಸಿಕೊಡಲು ಸಾಧ್ಯವಾದುದು. ಪೂರ್ವಿಕರು ಏನು ಹೇಳಿದ್ದಾರೆಂಬುದನ್ನು ಆ ಬಳಿಕ ನೋಡಬೇಕು. ಇದೇ ನದಿಯ ಎಡದಂಡೆ ಕಾಲುವೆಯನ್ನು ಕುರಿತು ಪೀಟರ್ ಮೊಲಿಂಗ ಅವರು ರಚಿಸಿದ ‘ಆನ್ ದಿ ವಾಟರ್‌ಫ್ರಂಟ್’ ಎಂಬ ಗ್ರಂಥವನ್ನು ನೋಡದೆ ಬರೆದ ಲೇಖನವು ಪರೀಕ್ಷಕನ ಮುಂದೆ ನಿಲ್ಲಲಾರದು.

ಎರಡನೆಯದು ಆಧಾರಗಳ ಶುದ್ಧಿ. ಇಲ್ಲಿ ಕುರುಗೋಡಿನ ನಿದರ್ಶನವು ವಿಶೇಷ ಬೋಧಪ್ರದವಾಗಿದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯು ಮದರಾಸಿಗೆ ಸೇರಿತ್ತು. ಅಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ ಉಳಿದವು ಮೈಸೂರಿಗೆ ಬಂದವು. 2011ರ ಜನಗಣತಿಯಲ್ಲಿ ಕುರುಗೋಡು ಬಳ್ಳಾರಿ ತಾಲ್ಲೂಕಿನೊಳಗಿತ್ತು. ಪ್ರತ್ಯೇಕ ತಾಲ್ಲೂಕಾದುದು ಅದರ ಮೇಲೆ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟು ವಿಜಯನಗರ ಜಿಲ್ಲೆಯನ್ನು ಬೇರ್ಪಡಿಸಲಾಯಿತು. ಹೀಗಿರುವಲ್ಲಿ “ಬಳ್ಳಾರಿ ಜಿಲ್ಲೆಯ ಭತ್ತದ ಬೆಳೆ ಇಷ್ಟು ಕುಗ್ಗಿತು” ಎಂದು ಎರಡು ವರ್ಷಗಳ ಅಂಕೆಗಳನ್ನು ಎದುರೆದುರಿಗಿಟ್ಟು ಹೇಳಿದರೆ, ಕುಗ್ಗಿದುದು ಬೆಳೆಯೋ ಜಿಲ್ಲೆಯೋ ತಿಳಿಯದು. ಗ್ರಾಮವಾರು ಅಂಕೆಗಳನ್ನು ಕೂಡಿಸಿ, ಎರಡು ಕಾಲಕ್ಕೂ ಒಂದೇ ಎಲ್ಲೆಯನ್ನು ಗೊತ್ತುಮಾಡಿಕೊಂಡು, ಹಾಗೆ ಮಾಡಿದ ಬಗೆಯನ್ನು ಲೇಖನದಲ್ಲಿಯೇ ವಿವರಿಸಬೇಕು. ಜಲಾಶಯದ ವಿಷಯವೂ ಹೀಗೆಯೇ: ಮೊದಲಿಗೆ ಸುಮಾರು 133 ಟಿ.ಎಂ.ಸಿ. ಅಡಿಗಳಿದ್ದ ಸಾಮರ್ಥ್ಯವು ಹೂಳಿನಿಂದ ಕುಗ್ಗಿ 2016ರ ಅಳತೆಯಲ್ಲಿ ಸುಮಾರು 105.8ಕ್ಕೆ ಇಳಿದಿತ್ತು. ಯಾವ ವರ್ಷದ ಅಂಕೆಯೆಂಬುದನ್ನು ನಮೂದಿಸದ ವಾದವು ವಾದವೇ ಅಲ್ಲ.

ಮೂರನೆಯದು ಸೂಚನೆಯ ಮಿತಿ. ಒಂದು ಉಪಕಾಲುವೆಯಲ್ಲಿ ಕಂಡುದನ್ನು ಇಡೀ ಕರ್ಣಾಟಕಕ್ಕೆ ವಿಧಿಸುವುದು ಸಮಂಜಸವಲ್ಲ. ಸೂಚನೆಯನ್ನು ನಡೆಸತಕ್ಕವರು ತುಂಗಭದ್ರಾ ಮಂಡಲಿಯವರೋ, ರಾಜ್ಯದ ಇಲಾಖೆಯೋ, ನೀರು ಬಳಕೆದಾರರ ಸಂಘವೋ, ಅದಕ್ಕೆ ತಗಲುವ ವೆಚ್ಚವೆಷ್ಟು, ಅದರಿಂದ ನಷ್ಟಪಡುವವರಾರು ಎಂಬುದನ್ನು ಹೇಳಿದರೆ ಮಾತ್ರ ಅದಕ್ಕೆ ನೀತಿಯೆಂಬ ಹೆಸರು ಸಲ್ಲುವುದು.

ಇನ್ನು ಪತ್ರಿಕೆಯ ಆಯ್ಕೆ. ಹಣ ತೆತ್ತವರ ಬರಹವನ್ನೆಲ್ಲ ಪರೀಕ್ಷಿಸದೆ ಅಚ್ಚುಮಾಡುವ ಕಪಟಪತ್ರಿಕೆಗಳು ಹೇರಳವಾಗಿವೆ. ಇವುಗಳಿಂದ ಉಪಾಧ್ಯಾಯರನ್ನು ಕಾಪಾಡುವುದಕ್ಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2019ರಲ್ಲಿ ಪ್ರಕಟಿಸಿದ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು. ಆದುದರಿಂದ ವಿಚಾರಣೆಯ ಭಾರವು ಲೇಖಕನ ಮೇಲೆಯೇ ಬಿದ್ದಿದೆ. ಸಂಪಾದಕಮಂಡಲಿಯವರು ಯಾರು, ಪರೀಕ್ಷೆಯ ಕ್ರಮವೇನು, ಶುಲ್ಕವುಂಟೆ ಎಂಬುದನ್ನು ವಿಚಾರಿಸಿ, ಹಿಂದಿನ ಕೆಲವು ಸಂಚಿಕೆಗಳನ್ನು ಓದಿಯೇ ಮುಂದುವರಿಯಬೇಕು. ಎರಡು ಮೂರು ದಿನಗಳಲ್ಲಿಯೇ ಒಪ್ಪಿಗೆಯನ್ನು ವಾಗ್ದಾನಮಾಡುವ ಪತ್ರಿಕೆಯು ಪರೀಕ್ಷೆಯನ್ನು ನಡೆಸುವುದಿಲ್ಲವೆಂದೇ ತಿಳಿಯಬೇಕು.

ಒಪ್ಪಿಸುವಾಗ ಲೇಖಕನ ಹೆಸರು, ವಿಳಾಸಗಳನ್ನು ಪ್ರತ್ಯೇಕ ಪುಟದಲ್ಲಿಟ್ಟು, ಮೂಲಪ್ರತಿಯಲ್ಲಿ ತನ್ನ ಗುರುತು ಹತ್ತುವ ಮಾತುಗಳನ್ನು ತೆಗೆಯಬೇಕು. ಪತ್ರಿಕೆಯು ವಿಧಿಸಿದ ಮಿತಿಯೊಳಗೆ ಸಾರಾಂಶವೊಂದಿರಬೇಕು. ಅದರಲ್ಲಿ ಪ್ರಶ್ನೆ, ಆಧಾರ, ಫಲಿತ ಮೂರೂ ಕಾಣಬೇಕು. ಧನಸಹಾಯ ಮಾಡಿದವರು ಯಾರು, ವಿಷಯದಲ್ಲಿ ಲೇಖಕನಿಗೆ ಸ್ವಾರ್ಥಸಂಬಂಧವುಂಟೆ, ಸಂದರ್ಶನವಿತ್ತ ರೈತರ ಸಮ್ಮತಿಯನ್ನು ಪಡೆಯಲಾಗಿದೆಯೆ ಎಂಬುದನ್ನೂ ತಿಳಿಸಬೇಕು. ಒಂದು ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸುವುದು ಸರ್ವಥಾ ನಿಷಿದ್ಧ.

ಸಂಪಾದಕರು ಲೇಖನವನ್ನು ಪರೀಕ್ಷಕರವರೆಗೆ ಒಯ್ಯದೆಯೇ ಹಿಂದಿರುಗಿಸಬಹುದು. ಬಹುಮಟ್ಟಿಗೆ ಅದಕ್ಕೆ ಕಾರಣ ವಿಷಯವು ಪತ್ರಿಕೆಗೆ ಹೊಂದದಿರುವುದು. ಪರೀಕ್ಷೆಯಾದ ಮೇಲೆ ಬರುವ ಉತ್ತರವು ಹೆಚ್ಚಾಗಿ ತಿದ್ದುಪಡಿಯ ಸೂಚನೆಯಾಗಿರುತ್ತದೆ. ಆಗ ಒಂದೊಂದು ಆಕ್ಷೇಪವನ್ನೂ ಬರೆದು, ಕೆಳಗೆ ಸಮಾಧಾನವನ್ನೂ ತಿದ್ದಿದ ಪುಟವನ್ನೂ ಸೂಚಿಸಬೇಕು. ಒಪ್ಪದಿರುವಲ್ಲಿ ಕಾರಣವನ್ನು ವಿನಯದಿಂದ ಹೇಳಬೇಕು. 1936ರಲ್ಲಿ ಐನ್‌ಸ್ಟೈನರು ತಮ್ಮ ಲೇಖನವನ್ನು ‘ಫಿಸಿಕಲ್ ರಿವ್ಯೂ’ ಪತ್ರಿಕೆಯು ಪರೀಕ್ಷಕನಿಗೆ ತೋರಿಸಿತೆಂದು ಕೋಪಗೊಂಡು ಹಿಂದಕ್ಕೆ ಪಡೆದರು; ಮರುವರ್ಷ ಅದು ಬೇರೆ ಪತ್ರಿಕೆಯಲ್ಲಿ ಪ್ರಕಟವಾದಾಗ ಅದರ ಸಿದ್ಧಾಂತಭಾಗವು ಬದಲಾಗಿತ್ತು. ಆಕ್ಷೇಪವು ಸರಿಯಾಗಿಯೇ ಇದ್ದಿತು. ಮಹಾಮೇಧಾವಿಗಳಿಗೂ ಎರಡನೆಯ ಕಣ್ಣು ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಕೊನೆಯದಾಗಿ ಭಾಷೆಯ ಮಾತು. ಈ ಪತ್ರಿಕೆಗಳು ಬಹುಮಟ್ಟಿಗೆ ಇಂಗ್ಲಿಷಿನವು. ರೈತನು ಸಾಕ್ಷಿ ನುಡಿಯುವುದು ಕನ್ನಡದಲ್ಲಿ. ತರಿ, ಖುಷ್ಕಿ, ಪಾಳಿ ಮುಂತಾದ ಮಾತುಗಳಿಗೆ ಸಮೀಪದ ಯಾವುದೋ ಒಂದು ಇಂಗ್ಲಿಷ್ ಪದವನ್ನಿಟ್ಟರೆ ಆಧಾರವೇ ಕೆಡುವುದು. ಮೂಲಪದವನ್ನುಳಿಸಿ ಅರ್ಥವನ್ನು ನಿರ್ವಚಿಸುವ ಕೆಲಸಕ್ಕೆ ಸಾಹಿತ್ಯದ ಉಪಾಧ್ಯಾಯರಿಗಿಂತ ತಕ್ಕವರಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯನ್ನೇ ನಂಬಿದ ಊರುಗಳೆಲ್ಲ ಕಂಗಾಲಾದುವು. ಅಂಥ ಊರುಗಳ ಅನುಭವವನ್ನು ಅರ್ಥಶಾಸ್ತ್ರವನ್ನು ಬಲ್ಲವರೂ ನುಡಿಯನ್ನು ಬಲ್ಲವರೂ ಕೂಡಿ ಬರೆದು ಪರೀಕ್ಷೆಗೊಪ್ಪಿಸಿದರೆ, ಮುಂದಿನ ನಿರ್ಣಯವನ್ನು ಕೈಕೊಳ್ಳುವವರು ಅದನ್ನು ಕಡೆಗಣಿಸುವುದು ಸುಲಭವಾಗದು.