ತಾಣದಿಂದ ಓದುಗನಿಗೆ: ಫೀಡೆಂಬ ಹಳೆಯ ಏರ್ಪಾಡು

ಕಳೆದ ತಿಂಗಳ ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದು ಸಂಜೆಯ ಕಾಫಿಗೆ ಇನ್ನೂ ಹೊತ್ತಿರುವ ವೇಳೆಯಲ್ಲಿ, ಮಾಟುಂಗದ ಹೋಟೆಲೊಂದರಲ್ಲಿ ದುಡಿಯುವ ತರುಣನೊಬ್ಬನು ನಮ್ಮ ಕಾರ್ಯಾಲಯಕ್ಕೆ ಬಂದನು. ಊರಿನಲ್ಲಿ ಅವನ ತಂಗಿ ಕಾಲೇಜು ಸೇರಿದ್ದಾಳೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದ ಸುದ್ದಿಯನ್ನು ನಾವು ನಮ್ಮ ಅಂತರ್ಜಾಲ ತಾಣದಲ್ಲಿ ಪ್ರಕಟಿಸಿ, ಸಾಮಾಜಿಕ ಜಾಲದ ನಮ್ಮ ಪುಟದಲ್ಲಿಯೂ ಹಾಕಿದ್ದೆವು. ಆ ಪುಟದ ಬಳಗಕ್ಕೆ ಅವನು ಸೇರಿ ವರ್ಷಗಳೇ ಆಗಿವೆ. ಆದರೂ ಸುದ್ದಿ ಅವನ ಕಣ್ಣಿಗೆ ಬಿದ್ದದ್ದು ಗಡುವು ತೀರಿದ ನಾಲ್ಕನೆಯ ದಿನ. ನಮ್ಮ ಹಿಂದಿನ ಕಸುಬನ್ನು ಬಲ್ಲ ಅವನು, "ಧಣಿಗಳೇ, ನೀವು ಹಾಕಿದ್ದು ನನಗೇಕೆ ಬರಲಿಲ್ಲ?" ಎಂದು ಕೇಳಿದನು. ನಾವು ತಲೆತಗ್ಗಿಸಿದೆವು.

ಹೋಟೆಲಿನ ಮಾತಿನಲ್ಲಿಯೇ ಹೇಳುವುದಾದರೆ, ಭಟ್ಟರು ಅಡಿಗೆ ಮಾಡಿಟ್ಟಿದ್ದಾರೆ. ಗಿರಾಕಿ ಮೇಜಿನ ಮುಂದೆ ಕುಳಿತಿದ್ದಾನೆ. ನಡುವಿನ ಮಾಣಿ ಮಾತ್ರ ನಮ್ಮ ಸಂಬಳದವನಲ್ಲ. ಯಾರಿಗೆ ಏನನ್ನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದನ್ನು ಅವನು ತನ್ನ ಯಜಮಾನನ ಲಾಭವನ್ನು ನೋಡಿ ನಿರ್ಧರಿಸುತ್ತಾನೆ.

ಈ ಮಾಣಿಯ ಹಂಗಿಲ್ಲದ ಏರ್ಪಾಡೊಂದು 1999ರಿಂದಲೇ ಇದೆ. ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಡಾನ್ ಲಿಬ್ಬಿ ಎಂಬವರೂ, ಮದರಾಸಿನ ಐ.ಐ.ಟಿ.ಯಲ್ಲಿ ಕಲಿತ ರಾಮನಾಥನ್ ಗುಹಾ ಅವರೂ ಇದಕ್ಕೆ ಮೊದಲ ರೂಪ ಕೊಟ್ಟರು. 2002ರಲ್ಲಿ ಡೇವ್ ವೈನರ್ ಅವರು ಅದನ್ನು ಇಂದು ಬಳಕೆಯಲ್ಲಿರುವ ರೂಪಕ್ಕೆ ತಂದರು. ರಿಯಲಿ ಸಿಂಪಲ್ ಸಿಂಡಿಕೇಷನ್, ಅಂದರೆ ಬಹು ಸರಳವಾದ ವಿತರಣೆ ಎಂದು ಅದರ ಹೆಸರು, ಆರ್.ಎಸ್.ಎಸ್. ಎಂದು ಹ್ರಸ್ವ. ಆ ಮೂರಕ್ಷರಗಳು ನಮ್ಮ ದೇಶದಲ್ಲಿ ಬೇರೊಂದನ್ನು ನೆನಪಿಗೆ ತರುವುದರಿಂದ ನಾವಿಲ್ಲಿ ಫೀಡ್ ಎಂದೇ ಕರೆಯುತ್ತೇವೆ.

ಅದರ ರಹಸ್ಯ ಇಷ್ಟೇ. ತಾಣದಲ್ಲಿ ಒಂದು ಕಡತವಿರುತ್ತದೆ. ಹೊಸ ಬರಹ ಬಂದೊಡನೆ ಅದರ ಶೀರ್ಷಿಕೆ, ದಿನಾಂಕ, ವಿಳಾಸ, ಸಾರಾಂಶ ಅಥವಾ ಪೂರ್ಣಪಾಠ ಆ ಕಡತದ ತಲೆಯಲ್ಲಿ ತಾನಾಗಿ ಕೂಡುತ್ತದೆ. ಓದುಗನ ಫೋನಿನಲ್ಲಿರುವ ಫೀಡ್ ಓದುವ ತಂತ್ರಾಂಶವು ಆಗಾಗ ಹೋಗಿ ಹೊಸತೇನಿದೆಯೆಂದು ನೋಡಿ, ಇದ್ದುದನ್ನು ತಂದು ಕಾಲಕ್ರಮದಲ್ಲಿ ಜೋಡಿಸಿಡುತ್ತದೆ. ಓದುಗನು ತನ್ನ ಹೆಸರನ್ನಾಗಲಿ ಫೋನ್ ಸಂಖ್ಯೆಯನ್ನಾಗಲಿ ನಮಗೆ ಕೊಡಬೇಕಾಗಿಲ್ಲ. ಬೇಡವೆನಿಸಿದ ದಿನ ವಿಳಾಸವನ್ನು ಅಳಿಸಿದರೆ ಮುಗಿಯಿತು. ನಮ್ಮನ್ನು ಕೇಳುವ ಅಗತ್ಯವೂ ಇಲ್ಲ.

ನಮ್ಮ ತಾಣಕ್ಕೂ ಇಂಥ ಕಡತವಿತ್ತೆಂಬುದು ನಮಗೇ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ತಾಣ ಕಟ್ಟಲು ಬಳಸಿದ ವರ್ಡ್‌ಪ್ರೆಸ್ ಅದನ್ನು ತಾನೇ ತಯಾರಿಸುತ್ತಿತ್ತು. ಅದರಲ್ಲಿ ಹೊಸ ಹತ್ತು ಬರಹಗಳಿಗಷ್ಟೇ ಜಾಗ. ದಿನಪತ್ರಿಕೆಗೆ ಹತ್ತು ಯಾವ ಮೂಲೆಗೆ? ಮಧ್ಯಾಹ್ನದೊಳಗೆ ಬೆಳಗಿನ ಸುದ್ದಿ ಉದುರಿಹೋಗುತ್ತದೆ. ಐವತ್ತಕ್ಕೆ ಏರಿಸಿದೆವು.

ಬಳಿಕ ಕಾರ್ಯಾಲಯದಲ್ಲಿ ವಾದವೆದ್ದಿತು. ಫೀಡಿನಲ್ಲಿ ಪೂರ್ಣ ಬರಹ ಕೊಡಬೇಕೇ, ಎರಡು ಸಾಲು ಕೊಟ್ಟು ತಾಣಕ್ಕೆ ಕರೆಯಬೇಕೇ? ಪೂರ್ತಿ ಕೊಟ್ಟರೆ ತಾಣಕ್ಕೆ ಬರುವವರು ಕಡಿಮೆಯಾಗಿ ಜಾಹೀರಾತಿನ ಆದಾಯ ಇಳಿಯುವುದೆಂದು ಲೆಕ್ಕಪತ್ರ ನೋಡುವವರ ಅಂಜಿಕೆ. ಅದು ಸುಳ್ಳಲ್ಲ. ಪಾರ್ಸೆಲ್ ಒಯ್ಯುವವನು ಒಳಗೆ ಕುಳಿತು ಮೇಲೊಂದು ಕಾಫಿ ಕುಡಿಯುವುದಿಲ್ಲವೆಂಬ ಚಿಂತೆ ಗಲ್ಲಾದ ಮೇಲೆ ಕುಳಿತಿದ್ದಾಗ ನಮಗೂ ಇತ್ತು. ಆದರೆ ನಮ್ಮ ಓದುಗರು ಯಾರು? ಸಿಗ್ನಲ್ ಸಿಗದ ಅಡಿಗೆಮನೆಯಲ್ಲಿ ದುಡಿಯುವವರು, ಲೋಕಲ್ ಗಾಡಿಯಲ್ಲಿ ನಿಂತು ಓದುವ ಗುಮಾಸ್ತರು. ಪೂರ್ಣಪಾಠವಿದ್ದರೆ ಕೆಲವು ತಂತ್ರಾಂಶಗಳು ಅದನ್ನು ಫೋನಿನಲ್ಲಿಯೇ ಇಳಿಸಿಡುತ್ತವೆ, ಜಾಲಸಂಪರ್ಕವಿಲ್ಲದೆಯೂ ಓದಬಹುದು. ಪೂರ್ತಿ ಕೊಡುವುದೆಂದು ನಿಶ್ಚಯಿಸಿದೆವು.

ಹಿಂದೆ ಕನ್ನಡದ ಎಷ್ಟೋ ತಾಣಗಳು ತಮ್ಮದೇ ಅಕ್ಷರಗಳನ್ನು ಬಳಸುತ್ತಿದ್ದುದರಿಂದ ಫೀಡಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದವು. ಯುನಿಕೋಡ್ ಬಂದು ಆ ಕಷ್ಟ ತೀರಿತು.

ಇದು ಸತ್ತ ಪದ್ಧತಿಯಲ್ಲವೇ ಎಂದು ಬಲ್ಲವರು ಕೇಳಿಯಾರು. ಲಕ್ಷಾಂತರ ಜನ ನೆಚ್ಚಿದ್ದ ಗೂಗಲ್ ರೀಡರನ್ನು ಆ ಸಂಸ್ಥೆ 2013ರ ಜುಲೈ 1ರಂದು ಮುಚ್ಚಿದ್ದು ನಿಜ. ಫೈರ್‌ಫಾಕ್ಸ್ ಕೂಡ 2018ರಲ್ಲಿ ಈ ಸೌಲಭ್ಯವನ್ನು ಕಿತ್ತುಹಾಕಿತು. ಮುಚ್ಚಿದ್ದು ಅಂಗಡಿ, ಬೀದಿಯಲ್ಲ. ಫೀಡ್‌ಲಿ, ಇನೋರೀಡರ್ ಮುಂತಾದವು ನಡೆದಿವೆ. ಗಣಕದಲ್ಲಿ ಥಂಡರ್‌ಬರ್ಡ್ ಇದೆ. ಜನ ಕಿವಿಗೆ ಹಾಕಿಕೊಂಡು ಕೇಳುವ ಪಾಡ್‌ಕಾಸ್ಟುಗಳು ಹಂಚಿಕೆಯಾಗುವುದು ಇದೇ ಫೀಡಿನ ಮೂಲಕ, ಕೇಳುವವರಿಗೆ ಅದರ ಅರಿವಿಲ್ಲ ಅಷ್ಟೇ.

ನಮ್ಮ ತಾಣದ ವಿಳಾಸದ ಕೊನೆಗೆ ಒಂದು ಓರೆಗೆರೆ ಎಳೆದು ಇಂಗ್ಲಿಷಿನಲ್ಲಿ ಫೀಡ್ ಎಂದು ಬರೆದರೆ ಅದೇ ಕಡತದ ವಿಳಾಸ. ವರ್ಡ್‌ಪ್ರೆಸ್ಸಿನ ಬಹುಪಾಲು ತಾಣಗಳಿಗೂ ಇದೇ ಕ್ರಮ. ಅದನ್ನು ಮೇಲೆ ಹೇಳಿದ ಯಾವುದಾದರೊಂದು ತಂತ್ರಾಂಶದಲ್ಲಿ ಸೇರಿಸಿದರೆ ಸಾಕು. ಮಾಟುಂಗದ ಆ ತರುಣನ ಫೋನಿನಲ್ಲಿ ನಾವೇ ಕುಳಿತು ಸೇರಿಸಿಕೊಟ್ಟೆವು. ಎರಡು ದಿನಗಳ ತರುವಾಯ ಅವನಿಂದ ಒಂದು ಸಂದೇಶ ಬಂದಿತು: ಅವನ ಊರಿನ ಹೆಸರನ್ನು ನಾವು ತಪ್ಪಾಗಿ ಅಚ್ಚಿಸಿದ್ದೆವಂತೆ. ತಿದ್ದಿದ್ದೇವೆ.